ಒಪ್ಪಿಸಿದವರು, ಪಡೆದವರು

“ಇನ್ನು ಮೇಲೆ ಈ ಮನೆಗೆ ಫೋನ್ ಮಾಡಬೇಡಿ. ಸೊಸೆನ ಹೇಗೆ ನೋಡ್ಕೊಳ್ಳೋದು ಅಂತ ನನಗೆ ಗೊತ್ತು. ಗೊತ್ತಿಲ್ಲ ಅನ್ನಿಸಿದ್ರೆ ನೀವೇ ಬಂದು ನೋಡ್ಕೊಳ್ಳಿ.”

ಬೀಗಿತಿ ಕೂಗಾಡಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸಿ, ಹೊತ್ತು ಮುಗಿದ ಕೂಡಲೇ ಕತ್ತರಿಸಿ ಬಂದವರು ಆಕೆ. ಅಳುವವರನ್ನೂ ಜಗಳವಾಡುವವರನ್ನೂ ‘ನಿಮ್ಮ ಮೂರು ನಿಮಿಷ ಮುಗಿಯಿತು’ ಎಂದು ಒಂದೇ ದನಿಯಲ್ಲಿ ಸಾಗಹಾಕಿದವರು. ಅದೇ ದನಿಯಲ್ಲಿ ಈ ಮಾತನ್ನೂ ಹೇಳಿ ಇಟ್ಟುಬಿಟ್ಟರು. ಇತ್ತ, ಎರಡು ಸಮುದ್ರಗಳಾಚೆಯ ಪರದೇಶದಲ್ಲಿ, ಹೊಲಿಗೆಯಮ್ಮ ಆ ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೂ ಏನಾದರೂ ಕೇಳಿಸೀತು ಎನ್ನುವವಳ ಹಾಗೆ ಕೂತೇ ಇದ್ದಳು. ತೊಡೆಯ ಮೇಲೆ ಅರ್ಧ ಬಿಚ್ಚಿದ ಅಂಗಿಯ ಕಾಲರು. ಕೆಳಗೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಯಂತ್ರಗಳು ಗಿರ್ರನೆ ತಿರುಗತೊಡಗಿದರೆ ಮೂರನೇ ಮಹಡಿಯ ಈ ಮನೆಯ ನೆಲವೂ ಸಣ್ಣಗೆ ನಡುಗುತ್ತಿತ್ತು. ಕ್ರಿಸ್‌ಮಸ್‌ಗೆ ಇನ್ನು ಹನ್ನೊಂದು ದಿನ. ಮಗಳ ಹೆರಿಗೆಗೆ ಹೆಚ್ಚೆಂದರೆ ನಾಲ್ಕು ವಾರ. ಹೆತ್ತ ತಾಯಿಗೆ ಮಗಳ ಮನೆಯ ಬಾಗಿಲು ಹೀಗೆ ಮುಚ್ಚಿತು!

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಹೊಲಿದು, ತೇಪೆ ಹಾಕಿ, ಮಡಚಿಟ್ಟು ನಿವೃತ್ತಳಾದವಳು ಅವಳು. ಅದಕ್ಕೇ ಆ ಹೆಸರು. ಗಂಡ ಬಸ್ ಓಡಿಸಿದವರು, ಎಲ್ಲರ ಬಾಯಲ್ಲಿ ಡ್ರೈವರಪ್ಪ. ಇಬ್ಬರೂ ಅರವತ್ತೈದು ದಾಟಿದ ಮೇಲೆ ತಮ್ಮ ಕ್ರೈಸ್ತ ಸಭೆಗೆ ಹೆಸರು ಕೊಟ್ಟು, ಹಿರಿಯ ಮಿಷನರಿಗಳಾಗಿ ಹದಿನೆಂಟು ತಿಂಗಳ ಸೇವೆಗೆ ಇಲ್ಲಿಗೆ ಬಂದಿದ್ದರು. ಉಪದೇಶ ಮಾಡುವುದು ಇವರ ಕೆಲಸವಲ್ಲ. ಅದಕ್ಕೆ ದೇಶದೇಶಗಳಿಂದ ಬಂದ, ಮೀಸೆ ಸರಿಯಾಗಿ ಚಿಗುರದ, ಜಡೆ ನೆಟ್ಟಗೆ ಹೆಣೆಯಲು ಬಾರದ ಹದಿನಾಲ್ಕು ಮಕ್ಕಳಿದ್ದರು. ಇಬ್ಬಿಬ್ಬರಾಗಿ ಊರೆಲ್ಲ ಅಲೆದು ಮನೆಮನೆಯ ಬಾಗಿಲು ತಟ್ಟುವವರು. ಆ ಮಕ್ಕಳಿಗೆ ಅಪ್ಪ ಅಮ್ಮನ ಹಾಗಿರುವುದೇ ಇವರ ಕೆಲಸ. ಗುರುವಾರ ಅವರ ಕೋಣೆಗಳಿಗೆ ಹೋಗಿ ಡ್ರೈವರಪ್ಪ ಗ್ಯಾಸಿನ ಕೊಳವೆ, ಹೀಟರಿನ ವೈರು, ಕಿಟಕಿಯ ಚಿಲಕ ನೋಡುತ್ತಿದ್ದರು; ಹೊಲಿಗೆಯಮ್ಮ ಸಿಂಕಿನ ಕೆಳಗೆ ಇಣುಕಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಸೋಮವಾರ ಮಕ್ಕಳು ಹರಿದದ್ದನ್ನೆಲ್ಲ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಕಾಲರು ಸವೆದ ಅಂಗಿಗಳೇ ಹೆಚ್ಚು. ಕಾಲರನ್ನು ಬಿಚ್ಚಿ, ಮಗುಚಿ, ಸವೆದ ಮೈ ಒಳಗೆ ಹೋಗುವಂತೆ ಮತ್ತೆ ಹೊಲಿದರೆ ಅಂಗಿಗೆ ಇನ್ನೊಂದು ವರ್ಷ ಆಯಸ್ಸು. ಈ ವಿದ್ಯೆ ಅವಳಿಗೆ ಕರತಲಾಮಲಕ.

ಡ್ರೈವರಪ್ಪನಿಗೆ ಮಾತ್ರ ಈ ಊರಿನಲ್ಲಿ ಸ್ಟೇರಿಂಗು ಮುಟ್ಟುವ ಅಪ್ಪಣೆ ಇರಲಿಲ್ಲ. ಇಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಬದಿಯಲ್ಲಿ ಓಡುತ್ತಿದ್ದವು. ಬಸ್ಸು ಹತ್ತಿದರೆ ಅವರು ಡ್ರೈವರನ ಬೆನ್ನ ಹಿಂದೆಯೇ ಕೂತು, ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಿದ್ದರು. ಇಷ್ಟು ದಿನ ಒತ್ತಿದ್ದಕ್ಕೇ ಈ ಊರಲ್ಲಿ ಒಂದೂ ಅಪಘಾತ ಆಗಿಲ್ಲ ಎಂದು ಅವರ ವಾದ.

ಸೇವೆಗೆ ಬಂದವರಿಗೆ ಎರಡು ಕಟ್ಟಳೆಗಳಿದ್ದವು. ಯಾರೂ ಒಂಟಿಯಾಗಿರುವಂತಿಲ್ಲ, ಜೋಡಿಯಲ್ಲೇ ಇರಬೇಕು. ನಡುವೆ ಮನೆಗೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೆ ಹೋದರೆ ಹೋದಂತೆ, ಸೇವೆ ಅಲ್ಲಿಗೇ ಮುಗಿಯಿತು. ಒಪ್ಪಿ ಸಹಿ ಹಾಕಿದಾಗ ಇದೊಂದು ದೊಡ್ಡ ಮಾತೆಂದು ಇಬ್ಬರಿಗೂ ತೋರಿರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಮೂವತ್ತೇಳು ವಯಸ್ಸಿನ ಚಿನ್ನಿ. ಎರಡು ಸಲ ಮಡಿಲು ತುಂಬುವ ಮೊದಲೇ ಬರಿದಾಗಿತ್ತು. ಇನ್ನು ಆ ಆಸೆ ಬೇಡಮ್ಮ ಎಂದು ಅವಳೇ ಹೇಳಿ, ಅಪ್ಪ ಅಮ್ಮನ ಪೆಟ್ಟಿಗೆ ಕಟ್ಟಿಕೊಟ್ಟು, ನಗುನಗುತ್ತ ಕಳಿಸಿದ್ದಳು. ಇವರು ಬಂದ ಮೂರನೇ ತಿಂಗಳಲ್ಲಿ ದೇವರು ಕಣ್ಣು ತೆರೆದ! ಚಿನ್ನಿ ಹೆದರಿ ಐದು ತಿಂಗಳಾಗುವ ತನಕ ಯಾರಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ರಕ್ತದೊತ್ತಡ ಏರಿತ್ತು. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಳಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. ಮನೆಯಲ್ಲಿ ನೋಡಿಕೊಳ್ಳುವವರು ಅತ್ತೆ ಒಬ್ಬರೇ.

ಮೊದಮೊದಲು ದಿನವೂ ತಾಯಿ ಮಗಳು ಮಾತಾಡುತ್ತಿದ್ದರು. ಮಾತು ಮುಗಿಯುವಾಗ ಚಿನ್ನಿ ತಪ್ಪದೆ, “ಅಮ್ಮಾ, ನೀನು ಬರ್ತೀಯಾ?” ಎನ್ನುತ್ತಿದ್ದಳು. ಇವಳು ನೋಡೋಣ ಎನ್ನುತ್ತಿದ್ದಳು. ಫೋನಿಟ್ಟ ಮೇಲೆ ಅಲ್ಲಿ ಅಳು, ಅಳುವಿನ ಹಿಂದೆ ಒತ್ತಡ… ಬೀಗಿತಿ ಒಂದು ವಾರ ನೋಡಿದರು. ಎರಡನೇ ವಾರ ಸೊಸೆಯ ಫೋನನ್ನು ತೆಗೆದು ತಮ್ಮ ಬೀರುವಿನಲ್ಲಿಟ್ಟರು. ವಾರಕ್ಕೊಂದು ಸಲ ತಮ್ಮ ಫೋನಿಗೇ ಮಾಡಬೇಕು, ಅದೂ ಐದೇ ನಿಮಿಷ ಎಂದು ವಿಧಿಸಿದರು. ಆ ಐದು ನಿಮಿಷದಲ್ಲಿ ಒಂದು ನಿಮಿಷ ಅವರದ್ದೇ. ಒಮ್ಮೆ ಅವರು ಹೇಳಿದ್ದು ಹೊಲಿಗೆಯಮ್ಮನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತುಬಿಟ್ಟಿತ್ತು: “ಊರ ಮಕ್ಕಳ ಕಾಲರ್ ಮಗುಚೋಕೆ ಅಮ್ಮ ಇದ್ದಾರೆ. ಹೆತ್ತ ಮಗಳ ದಿಂಬು ಮಗುಚೋಕೆ ಮಾತ್ರ ಅತ್ತೆ ಬೇಕು.”

ಇಷ್ಟಾದರೂ ಸಂಬಂಧ ಹರಿದಿರಲಿಲ್ಲ. ಹರಿದದ್ದು ಹೊಲಿಗೆಯಮ್ಮನ ಕೈಯಿಂದಲೇ.

ಅದು ಹೀಗೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಒಂದು ಪಾಳಿಯವರು ಹೋಗುವಾಗ ಮುಂದಿನ ಪಾಳಿಯವರಿಗೆ ಪಟ್ಟಿ ಬರೆದಿಡಬೇಕಿತ್ತು. ಒಣಗಿದ್ದೆಷ್ಟು, ಹರಿದದ್ದೆಷ್ಟು, ಯಾವ ವಾರ್ಡಿಗೆ ಏನು ಹೋಗಬೇಕು, ಯಾವುದನ್ನು ಯಾರೂ ಮುಟ್ಟಬಾರದು. ಕೆಳಗೆ ಎರಡು ಗೆರೆ: ಎಡಕ್ಕೆ ‘ಒಪ್ಪಿಸಿದವರು’, ಬಲಕ್ಕೆ ‘ಪಡೆದವರು’. ಎರಡು ಸಹಿ ಬೀಳದೆ ಕೋಣೆಯ ಕೀಲಿ ಕೈ ಬದಲಾಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಹಾಗೆ ಬರೆದ ಕೈ ಅದು. ಮಗಳಿಗೆ ತಿಂಗಳು ತುಂಬುತ್ತ ಬಂದಂತೆ ಹೊಲಿಗೆಯಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಬೆಳಿಗ್ಗೆ ಕಾಗದ ತೆಗೆದು ಶುರು ಮಾಡಿದಳು. ದಿಂಬು ಎಡಗಡೆ ಇರಲಿ. ಅವಳಿಗೆ ಹಸಿವಾದರೆ ಹೇಳುವುದಿಲ್ಲ, ಮುಖ ನೋಡಿ ತಿಳಿಯಬೇಕು. ಉಣ್ಣೆ ಹೊದಿಕೆ ಕತ್ತಿಗೆ ತಾಗಿದರೆ ತುರಿಸುತ್ತದೆ, ಅಂಚಿಗೆ ಹತ್ತಿ ಬಟ್ಟೆ ಹೊಲಿಯಿರಿ. ಸ್ನಾನದ ನೀರು ಇಷ್ಟೇ ಬಿಸಿ. ಹೀಗೆ ಮೂವತ್ತೊಂದು. ಬರೆಯುತ್ತ ಬರೆಯುತ್ತ ಮಗಳ ಮೈಯನ್ನೇ ತಡವಿದಂತಾಗಿ ಅವಳ ಕಣ್ಣು ತುಂಬಿ ಬಂತು… ಬರೆದು ಮುಗಿದಾಗ ಕೈ ತನ್ನಷ್ಟಕ್ಕೆ ತಾನೇ ಕೆಳಗೆ ಎರಡು ಗೆರೆ ಎಳೆಯಿತು. ಎಡಗಡೆ ತಾನು ಸಹಿ ಮಾಡಿದಳು. ಬಲಗಡೆ ಖಾಲಿ ಬಿಟ್ಟು, ಫೋಟೋ ತೆಗೆದು, ‘ಓದಿ ಸಹಿ ಮಾಡಿ ಕಳಿಸಿ’ ಎಂದು ಬೀಗಿತಿಗೆ ಕಳಿಸಿಬಿಟ್ಟಳು!

ಅದಕ್ಕೆ ಬಂದ ಉತ್ತರವೇ ಆ ಮೂರು ಮಾತು.

ಪೇಪರು ಓದುತ್ತಿದ್ದ ಡ್ರೈವರಪ್ಪ ಎದ್ದು ಬಂದು, ಹೆಂಡತಿಯ ಕೈಯಿಂದ ಫೋನು ಬಿಡಿಸಿಕೊಂಡು ಆ ಪಟ್ಟಿಯ ಫೋಟೋವನ್ನು ಮೊದಲಿಂದ ಕೊನೆಯ ತನಕ ಓದಿದರು. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ಕೆಳಭಾಗ ನೋಡಿದರು.

“ಇದೇನೇ ಇದು, ಸಹಿ?”

“ಪಟ್ಟಿ ಅಂದ್ಮೇಲೆ ಸಹಿ ಇರಬೇಡ್ವಾ? ಸಹಿ ಇಲ್ದೆ ನಾನು ಯಾವತ್ತು ಯಾರಿಗೆ ಏನು ಒಪ್ಪಿಸಿದ್ದೀನಿ?”

“ಮಗಳೇನು ಬೆಡ್‌ಶೀಟಾ?”

ಬೇರೆ ದಿನವಾಗಿದ್ದರೆ ಅವಳು ನಕ್ಕಿರುತ್ತಿದ್ದಳು. ಈಗ ಕಾಲರನ್ನು ಮುಖಕ್ಕೊತ್ತಿಕೊಂಡು ಅತ್ತಳು. ತಾನು ಬರೆದದ್ದರಲ್ಲಿ ತಪ್ಪೇನಿದೆ, ಒಂದು ಮಾತಾದರೂ ಸುಳ್ಳೇ, ಹೆತ್ತವಳಿಗೆ ಗೊತ್ತಿರುವುದು ಇನ್ಯಾರಿಗೆ ಗೊತ್ತಿರುತ್ತದೆ ಎಂದು ಕೇಳಿದಳು. ಆ ಹೆಂಗಸಿಗೆ ಕರುಳಿಲ್ಲ, ಗಂಡು ಮಗನೊಬ್ಬನನ್ನು ಹೆತ್ತು ಗಂಟೆ ನೋಡಿ ಹಾಲು ಕುಡಿಸಿರಬೇಕು ಎಂದಳು. ಕೊನೆಗೆ ಅಳು ನಿಲ್ಲಿಸಿ, ಮೂಗೊರೆಸಿಕೊಂಡು, ತಾನು ಹೊರಡುತ್ತೇನೆ ಎಂದಳು.

ಅವಳು ಹೊರಟರೆ ಡ್ರೈವರಪ್ಪನೂ ಹೊರಡಬೇಕು, ಒಂಟಿಯಾಗಿ ಇಲ್ಲಿರುವಂತಿಲ್ಲ. ಮೂವತ್ತಮೂರು ವರ್ಷದ ನೌಕರಿಯಲ್ಲಿ ಒಂದು ಕ್ರಿಸ್‌ಮಸ್ಸಿಗೂ ಅವರು ರಜೆ ಹಾಕಿದವರಲ್ಲ. ಹಬ್ಬದ ದಿನ ಬಸ್ಸು ನಿಂತರೆ ಮನೆಗೆ ಹೋಗುವವರು ಹೇಗೆ ಹೋಗುತ್ತಾರೆ ಎನ್ನುತ್ತಿದ್ದರು. ಅಪ್ಪ ಇಲ್ಲದ ಹಬ್ಬವನ್ನು ತಾಯಿ ಮಗಳು ಅಭ್ಯಾಸ ಮಾಡಿಕೊಂಡಿದ್ದರು. ನಿವೃತ್ತಿಯ ಮೇಲೂ ಹಬ್ಬಕ್ಕೆ ಬಾಡಿಗೆ ಗಾಡಿ ಓಡಿಸಿದ್ದರು; ಈ ವರ್ಷ ಮೊಟ್ಟಮೊದಲ ಬಾರಿಗೆ ಅವರಿಗೆ ಆ ದಿನ ಕೆಲಸವಿರಲಿಲ್ಲ. ಹದಿನಾಲ್ಕು ಮಕ್ಕಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ತಾವೇ ಬಡಿಸಬೇಕೆಂದು ತಿಂಗಳಿನಿಂದ ಕುರ್ಚಿ ಕೂಡಿಸುತ್ತಿದ್ದರು. ಆದರೂ ಈಗ ಎದ್ದು ಹೋಗಿ ಕಪಾಟಿನ ಮೇಲಿದ್ದ ಪೆಟ್ಟಿಗೆ ಇಳಿಸಿ, ಒದ್ದೆ ಬಟ್ಟೆಯಿಂದ ಅದರ ಧೂಳು ಒರೆಸತೊಡಗಿದರು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಅಳು ಬಂತು.

ಮರುದಿನ ಇಬ್ಬರೂ ಮಿಷನ್ನಿನ ಮುಖ್ಯಸ್ಥರನ್ನು ಕಂಡರು. ಹಿಂದೆ ಹಲ್ಲಿನ ಡಾಕ್ಟರಾಗಿದ್ದ ಮನುಷ್ಯ; ನೋವಿನ ಮಾತನ್ನು ಮೆಲ್ಲಗೆ ಕೇಳುವುದು ಅವರಿಗೆ ರೂಢಿ. ಹೋಗುವುದು ಪಾಪವಲ್ಲ, ಇರುವುದು ಪುಣ್ಯವೂ ಅಲ್ಲ ಎಂದರು. ಹಬ್ಬದ ಮರುದಿನದ ವಿಮಾನದಲ್ಲಿ ಎರಡು ಜಾಗ ಹಿಡಿದಿಡುತ್ತೇನೆ, ಹಬ್ಬದ ದಿನ ಸಂಜೆಯೊಳಗೆ ಹೌದೋ ಅಲ್ಲವೋ ಹೇಳಿಬಿಡಿ ಎಂದರು.

ಆ ಹತ್ತು ದಿನ ಅವಳು ಹೇಗೆ ಕಳೆದಳೋ! ಕೈಯಿಂದ ಕಾಲರು ಜಾರುತ್ತಿತ್ತು, ದಾರ ಸೂಜಿಗೆ ಹೋಗುತ್ತಿರಲಿಲ್ಲ. ಅಳಿಯ ಪಾಳಿ ಮುಗಿಸಿ ಬಂದು ಕದ್ದು ದಿನಕ್ಕೊಂದು ಸಾಲು ಕಳಿಸುತ್ತಿದ್ದ: ‘ಚೆನ್ನಾಗಿದ್ದಾಳೆ.’ ಒಂದೇ ಸಾಲನ್ನು ಎಷ್ಟು ಸಲ ಓದಿದರೂ ಅದರೊಳಗೆ ಮಗಳು ಕಾಣಿಸುತ್ತಿರಲಿಲ್ಲ. ಮೂರು ದಿನ ಅವಳು ಹೋಗುವುದೇ ಸರಿ ಎಂದುಕೊಂಡಳು. ನಾಲ್ಕನೇ ದಿನ, ಹೋಗಿ ಆ ಮನೆಯ ಹೊಸ್ತಿಲಲ್ಲಿ ನಿಂತರೆ ಒಳಗೆ ಕರೆಯುವವರು ಯಾರು ಎಂದು ಹೆದರಿದಳು. ಐದನೇ ದಿನ, ಕರೆಯದಿದ್ದರೂ ನುಗ್ಗುತ್ತೇನೆ ಎಂದಳು. ಬೀಗಿತಿಯ ಮೇಲಿನ ಸಿಟ್ಟು ಮಾತ್ರ ದಿನದಿನಕ್ಕೆ ಹೆಪ್ಪುಗಟ್ಟುತ್ತಿತ್ತು. ಪೆಟ್ಟಿಗೆ ಅರ್ಧ ತುಂಬಿ, ಬಾಯಿ ತೆರೆದು ಹಾಸಿಗೆಯ ಪಕ್ಕ ಬಿದ್ದಿತ್ತು.

ಹಬ್ಬದ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಮಕ್ಕಳೆಲ್ಲ ಮನೆಗೆ ಬಂದರು. ಹದಿನಾಲ್ಕು ಜೊತೆ ಬೂಟು ಬಾಗಿಲ ಹೊರಗೆ. ಒಳಗೆ ಕಾಲಿಡಲು ಜಾಗವಿಲ್ಲ. ಆ ದಿನ ಪ್ರತಿ ಮಗುವೂ ತನ್ನ ಮನೆಯವರ ಜೊತೆ ಮುಖ ನೋಡಿ ಮಾತಾಡುವ ಪದ್ಧತಿ. ದೊಡ್ಡ ಪರದೆಯ ಕಂಪ್ಯೂಟರು ಇದ್ದದ್ದು ಇವರ ಮನೆಯ ಅಡುಗೆ ಕೋಣೆಯಲ್ಲಿ. ಅದರ ಮುಂದೆ ಒಂದು ಕುರ್ಚಿ. ಡ್ರೈವರಪ್ಪ ಬಾಗಿಲಲ್ಲಿ ನಿಂತು, “ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ” ಎಂದು ಸರದಿ ಬಿಡುತ್ತಿದ್ದರು. ಮಕ್ಕಳಿಗೆ ಮಾತು ತಿಳಿಯದಿದ್ದರೂ ನಗು ಬರುತ್ತಿತ್ತು. ಎಲ್ಲರಿಗೂ ಅರ್ಧಂಬರ್ಧ ಬರುವ ಇನ್ನೊಂದು ಭಾಷೆಯಲ್ಲಿ ಅವರವರ ನಡುವೆ ವ್ಯವಹಾರ.

ಐದನೆಯ ಸರದಿ ಕೆಮ್ಮಿನ ಹುಡುಗಿಯದು. ಹತ್ತೊಂಬತ್ತರ ಹುಡುಗಿ, ಚಳಿ ಬಿದ್ದ ಕೂಡಲೇ ಅವಳ ಗಂಟಲು ಕಟ್ಟುತ್ತಿತ್ತು. ಹಿಂದಿನ ತಿಂಗಳು ಜ್ವರ ಬಂದು ಮಲಗಿದಾಗ ಹೊಲಿಗೆಯಮ್ಮ ಅವಳನ್ನು ಇದೇ ಮನೆಯಲ್ಲಿಟ್ಟುಕೊಂಡು ಒಂಬತ್ತು ದಿನ ಆರೈಕೆ ಮಾಡಿದ್ದಳು. ಪರದೆಯ ಮೇಲೆ ಅವಳ ತಾಯಿ ಮೂಡಿದಳು. ಬೇಕರಿಯಲ್ಲಿ ಕೆಲಸ ಮಾಡುವವಳಂತೆ. ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ತಾಯಿ ಮಗಳು ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿ ಬರೇ ಮೂಗು ಸೇದಿದರು. ಆಮೇಲೆ ಆ ತಾಯಿ ಏನೋ ಹೇಳಿದಳು. ಹುಡುಗಿ ತಿರುಗಿ, ಅಮ್ಮ ನಿಮ್ಮನ್ನು ಕರೆಯುತ್ತಿದ್ದಾಳೆ ಎಂದಳು.

ಹೊಲಿಗೆಯಮ್ಮ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಸುಳ್ಳೇಕೆ, ಎರಡು ಒಳ್ಳೆಯ ಮಾತು ಕೇಳುವ ಆಸೆ ಅವಳಿಗಿತ್ತು. ಒಂಬತ್ತು ದಿನ ಯಾರ ಮಗಳಿಗೋ ಗಂಜಿ ಕುಡಿಸಿದ್ದಾಳಲ್ಲ! ಆದರೆ ಆ ಹೆಂಗಸು ಏಪ್ರನ್ನಿನ ಜೇಬಿನಿಂದ ಒಂದು ಕಾಗದ ತೆಗೆದಳು. ಬಿಡಿಸಿ ಓದತೊಡಗಿದಳು. ಹುಡುಗಿಯ ಮುಖ ಕೆಂಪಾಯಿತು. ತಡವರಿಸುತ್ತ ಒಂದೊಂದೇ ಹೇಳಿದಳು. ಕೆಮ್ಮು ಬಂದಾಗ ಬೆಚ್ಚಗಿನ ಬಟ್ಟೆಯನ್ನು ಎದೆಗಲ್ಲ, ಕತ್ತಿಗೆ ಸುತ್ತಬೇಕಂತೆ. ಸಂಜೆ ತಲೆಸ್ನಾನ ಮಾಡಲು ಬಿಡಬಾರದಂತೆ. ಕೋಟಿನ ಮೇಲಿನ ಗುಂಡಿ ಹಾಕಿದ್ದಾಳೋ ಇಲ್ಲವೋ ಬಾಗಿಲಲ್ಲೇ ನಿಲ್ಲಿಸಿ ನೋಡಬೇಕಂತೆ. ಮಾತ್ರೆ ನುಂಗಿದೆ ಎಂದರೆ ನಂಬಬಾರದಂತೆ, ಬಾಯಿ ತೆರೆಸಿ ನೋಡಬೇಕಂತೆ…

ಹೊಲಿಗೆಯಮ್ಮನ ಮೈ ಉರಿಯಿತು. ಇವಳು ನನಗೆ ಹೇಳಿಕೊಡುವುದೆ? ಮಗಳು ಬಾಡಿದ ಸೊಪ್ಪಿನಂತೆ ಬಿದ್ದಿದ್ದಾಗ ಒಂಬತ್ತು ದಿನ ಪಕ್ಕದಲ್ಲಿ ಕೂತವಳು ನಾನು. ಹಣೆಗೆ ಬಟ್ಟೆ ಇಟ್ಟವಳು ನಾನು. ಒಂದು ಉಪಕಾರ ಸ್ಮರಣೆ ಇಲ್ಲ, ಪಟ್ಟಿ ಓದುತ್ತಾಳಲ್ಲ… ಬಾಯಿ ತೆರೆದೇಬಿಟ್ಟಿದ್ದಳು. ಅಷ್ಟರಲ್ಲಿ ಪರದೆಯ ಮೇಲಿನ ಹೆಂಗಸು ಓದುವುದನ್ನು ಮುಗಿಸಿದಳು. ಕಾಗದವನ್ನು ನಾಲ್ಕಾಗಿ ಮಡಚಿದಳು, ಎಂಟಾಗಿ ಮಡಚಿದಳು, ಇನ್ನೂ ಮಡಚಲು ಆಗದೆ ಅದನ್ನು ಹಿಡಿದುಕೊಂಡೇ ನಿಂತಳು. ಆ ಕೈಗಳಿಗೆ ಮುಂದೆ ಏನು ಮಾಡಬೇಕೋ ತಿಳಿಯಲಿಲ್ಲ. ಮೆಲ್ಲಗೆ ಇನ್ನೇನೋ ಹೇಳಿದಳು. ಇದನ್ನು ಹುಡುಗಿ ತಿಳಿಸಿ ಹೇಳಲಿಲ್ಲ. ತಲೆ ತಗ್ಗಿಸಿ ಕೂತಳು.

“ಏನಂದ್ರು ಅಮ್ಮ?”

“ಏನಿಲ್ಲ… ಸಿಟ್ಟು ಮಾಡ್ಕೋಬೇಡಿ ಅಂತಿದ್ದಾಳೆ. ಅವಳ ಕೈಗೆ ನಾನು ಎಟುಕಲ್ವಂತೆ. ಅದಕ್ಕೇ ಬಾಯಲ್ಲಿ ಮಾಡ್ತಿದ್ದಾಳಂತೆ.”

ಹೊಲಿಗೆಯಮ್ಮ ಆ ಹಿಟ್ಟು ಮೆತ್ತಿದ ಮುಖವನ್ನೇ ನೋಡಿದಳು. ಕೆಳಗೆ ಯಂತ್ರಗಳಿಗೆ ಇವತ್ತು ರಜೆ, ನೆಲ ನಡುಗುತ್ತಿರಲಿಲ್ಲ. ಎಷ್ಟೋ ಸಾವಿರ ಮೈಲಿ ಆಚೆ, ಬೇರೊಂದು ಅಡುಗೆ ಕೋಣೆಯಲ್ಲಿ, ತಾನೇ ನಿಂತಿರುವುದನ್ನು ಅವಳು ಕಂಡಳು. ಈಚೆ ಕುರ್ಚಿಯ ಪಕ್ಕ, ಮೈಯೆಲ್ಲ ಉರಿದುಕೊಂಡು ನಿಂತಿದ್ದಾರಲ್ಲ, ಅವರು ಬೀಗಿತಿ… ದಿನವಿಡೀ ಮಲಗಿದವಳ ಸೇವೆ ಮಾಡಿ, ಅದರ ಮೇಲೆ ಒಂದು ಪಟ್ಟಿ, ಪಟ್ಟಿಯ ಕೆಳಗೆ ಸಹಿಯ ಗೆರೆ! ಈ ತಾಯಿ ತನ್ನಿಂದ ಸಹಿಯನ್ನಾದರೂ ಕೇಳಲಿಲ್ಲ.

ಅವಳು ಪರದೆಯ ಕಡೆ ಬಗ್ಗಿ, ತನ್ನದೇ ಭಾಷೆಯಲ್ಲಿ, ಒಂದೊಂದು ಪದ ಬಿಡಿಸಿ, “ಆಗ್ಲಿ ತಾಯಿ. ಕತ್ತಿಗೇ ಸುತ್ತೀನಿ. ಬಾಯಿ ತೆರೆಸೇ ನೋಡ್ತೀನಿ” ಎಂದಳು. ಆ ಕಡೆಯವಳಿಗೆ ಏನು ತಿಳಿಯಿತೋ, ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು.

ಮಲಗುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಹೊಲಿಗೆಯಮ್ಮ ಬೀಗಿತಿಗೆ ಫೋನು ಮಾಡಿದಳು. ಇಲ್ಲಿ ಮಧ್ಯಾಹ್ನ, ಅಲ್ಲಿ ದೀಪ ಹಾಕುವ ಹೊತ್ತು. ಮೊದಲ ಸಲ ಬಡಿದುಕೊಂಡು ನಿಂತಿತು. ಎರಡನೇ ಸಲ ಎತ್ತಿದರು.

“ಹೇಳಿ.”

“ಬೀಗಿತಮ್ಮ, ನಾನು. ಇಡಬೇಡಿ. ಮಗಳನ್ನ ಕೊಡಿ ಅಂತ ಕೇಳೋಕೆ ಮಾಡ್ಲಿಲ್ಲ. ನಿಮ್ಮ ಹತ್ರಾನೇ ಮಾತಾಡ್ಬೇಕಿತ್ತು.”

ಆ ಕಡೆ ಫೋನಿಟ್ಟ ಸದ್ದು ಬರಲಿಲ್ಲ.

“ಆ ಪಟ್ಟಿ ಕಳಿಸಿದ್ದು ನನ್ನ ತಪ್ಪು. ನಿಮಗೆ ಗೊತ್ತಿಲ್ಲ ಅಂತ ಬರೀಲಿಲ್ಲ. ನನ್ನ ಕೈಲಿ ಬೇರೆ ಏನೂ ಇರ್ಲಿಲ್ಲ, ಅದಕ್ಕೆ ಬರೆದೆ. ಅವಳಿಗೀಗ ಅಮ್ಮ ನೀವೇ. ಹಾಗನ್ನೋಕೆ ನನಗೆ ಹೊಟ್ಟೆಕಿಚ್ಚಾಗುತ್ತೆ, ಸುಳ್ಳು ಹೇಳಲ್ಲ… ಆದ್ರೂ ನೀವೇ.”

“ಆಯ್ತಾ?”

“ಆಯ್ತು.”

“ಮೂವತ್ತೊಂದರಲ್ಲಿ ಹತ್ತೊಂಬತ್ತು ನಾನು ಆಗ್ಲೇ ಮಾಡ್ತಿದ್ದೆ,” ಎಂದರು ಬೀಗಿತಿ, ಎಕ್ಸ್‌ಚೇಂಜಿನ ದನಿಯಲ್ಲಿ. “ಏಳು ತಪ್ಪು. ಡಾಕ್ಟರನ್ನ ಕೇಳ್ದೆ, ಅವರೂ ತಪ್ಪು ಅಂದ್ರು. ಉಳಿದ ಐದು ಮಾಡಿದೆ. ಹೊದಿಕೆಗೆ ಹತ್ತಿ ಬಟ್ಟೆ ಹೊಲಿದಿದ್ದೀನಿ. ಸೊಟ್ಟ ಇದೆ. ನಾನೇನು ನಿಮ್ಮ ಹಾಗೆ ಹೊಲಿಯೋಳಲ್ಲ.”

ಸೊಟ್ಟ ಇದ್ದರೆ ತುರಿಕೆಗೇನೂ ತಿಳಿಯುವುದಿಲ್ಲ ಎಂದಳು ಹೊಲಿಗೆಯಮ್ಮ. ಆ ಕಡೆ ಬಾಗಿಲೊಂದು ಮುಚ್ಚಿದ ಸದ್ದಾಯಿತು. ಬೀಗಿತಿ ಫೋನು ಹಿಡಿದುಕೊಂಡು ಎಲ್ಲೋ ದೂರ ಬಂದಿರಬೇಕು. ಮತ್ತೆ ಮಾತಾಡಿದಾಗ ಆ ದನಿ ಬೇರೆಯಾಗಿತ್ತು. ಇಷ್ಟು ವರ್ಷದಲ್ಲಿ ಹೊಲಿಗೆಯಮ್ಮ ಆ ದನಿಯನ್ನು ಕೇಳಿಯೇ ಇರಲಿಲ್ಲ.

“ನಾಲ್ಕು ದಿನ ಆಯ್ತು, ಅವಳಿಗೆ ಸರಿಯಾಗಿ ನಿದ್ದೆ ಇಲ್ಲ. ನಿನ್ನೆ ಡಾಕ್ಟರು ನೋಡಿ ಮಗು ಚೆನ್ನಾಗಿದೆ ಅಂದ್ರು. ಅವಳಿಗೆ ನಂಬಿಕೆ ಇಲ್ಲ. ನನ್ನ ಕೈ ಹಿಡ್ಕೊಂಡು ‘ಅತ್ತೆ, ಈ ಸಲಾನೂನಾ?’ ಅಂತಾಳೆ. ನಾನೇನ್ ಹೇಳ್ಲಿ? ಜೋರು ಮಾಡೋದು ನನಗೆ ಬರುತ್ತೆ. ಸಮಾಧಾನ ಮಾಡೋದು ಬರಲ್ಲ. ಮೂವತ್ತೊಂದು ಬರೆದ್ರಿ, ಅದೊಂದನ್ನ ಬರೀಲಿಲ್ಲ. ಹೆದರಿದಾಗ ನೀವೇನ್ ಮಾಡ್ತಿದ್ರಿ?”

ಹೊಲಿಗೆಯಮ್ಮ ಯೋಚಿಸಬೇಕಾಯಿತು. ಅದು ಅವಳಿಗೆ ಗೊತ್ತಿದ್ದ ವಿಷಯವಲ್ಲ, ಅವಳ ಕೈಗೆ ಗೊತ್ತಿದ್ದದ್ದು. ಪರೀಕ್ಷೆಯ ಹಿಂದಿನ ದಿನ, ಮದುವೆಯ ಹಿಂದಿನ ದಿನ, ಆ ಎರಡು ಕೆಟ್ಟ ದಿನಗಳ ಮರುದಿನ…

“ಏನೂ ಹೇಳ್ತಿರ್ಲಿಲ್ಲ. ಕಾಲಿನ ಹತ್ರ ಕೂತ್ಕೊಂಡು ಪಾದ ಒತ್ತುತ್ತಿದ್ದೆ. ಹಿಮ್ಮಡಿಯಿಂದ ಬೆರಳಿನ ತನಕ. ಅಷ್ಟೇ.”

ಹೇಳಿದ ಮೇಲೆ ಅವಳಿಗೆ ಅರಿವಾಯಿತು. ಸೊಸೆಯ ಕಾಲನ್ನು ಅತ್ತೆ ಹಿಡಿಯುವುದೆಂದರೇನು? ಮತ್ತೆ ಇನ್ನೊಂದು ತಪ್ಪು ಮಾಡಿದೆನೆ? ಅವಳು ಗಡಬಡಿಸಿ, ಅದು ಬೇಡ, ನೀವು ಹಿರಿಯರು, ನಾಳೆಯ ವಿಮಾನದಲ್ಲಿ ಜಾಗವಿದೆ, ನಾನೇ ಬಂದುಬಿಡುತ್ತೇನೆ ಎಂದೆಲ್ಲ ಶುರು ಮಾಡಿದಳು. ಬೀಗಿತಿ, “ತಡೀರಿ” ಎಂದರು.

ಅವರು ಫೋನು ಹಿಡಿದು ನಡೆಯತೊಡಗಿದರು. ಏನೋ ಒತ್ತಿದರು; ಪರದೆ ಬೆಳಗಿತು. ಚಾವಣಿ, ಬಾಗಿಲ ಚೌಕಟ್ಟು, ಔಷಧಿಯ ಮೇಜು ಓಲಾಡಿ ಹೋದವು. ಆಮೇಲೆ ಫೋನನ್ನು ಎಲ್ಲೋ ಒರಗಿಸಿದರು; ಎಲ್ಲ ನಿಂತು, ಹಾಸಿಗೆ ಕಂಡಿತು. ದಿಂಬಿಗೊರಗಿದ ಚಿನ್ನಿ. ಮುಖ ಊದಿಕೊಂಡಿತ್ತು, ಕಣ್ಣಿನ ಸುತ್ತ ಕಪ್ಪು, ಹೊಟ್ಟೆಯ ಮೇಲೆ ಎರಡೂ ಕೈ. ತಲೆ ಮಾತ್ರ ಎಣ್ಣೆ ಹಚ್ಚಿ, ಒಂದು ಕೂದಲೂ ಆಚೀಚೆ ಹೋಗದಂತೆ ಬಿಗಿಯಾಗಿ ಬಾಚಿತ್ತು. ಇಂಥ ಬೈತಲೆಯನ್ನು ಹೊಲಿಗೆಯಮ್ಮ ಯಾವತ್ತೂ ತೆಗೆದವಳಲ್ಲ.

“ಅಮ್ಮಾ…”

“ಇದ್ದೀನಿ ಚಿನ್ನಿ. ಇಲ್ಲೇ ಇದ್ದೀನಿ.”

ಬೀಗಿತಿ ಹಾಸಿಗೆಯ ಬುಡದಲ್ಲಿ ಕೂತು ಸೊಸೆಯ ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಚಿನ್ನಿ ಬೆಂಕಿ ತಾಗಿದವಳ ಹಾಗೆ ಕಾಲೆಳೆದುಕೊಂಡಳು.

“ಅತ್ತೆ, ಬೇಡ… ನೀವು ನನ್ನ ಕಾಲು ಮುಟ್ಟೋದಾ?”

“ಸುಮ್ನಿರು. ನನ್ನ ಮೊಮ್ಮಗುನ ಹೊತ್ತಿರೋ ಕಾಲು ಇದು. ನಿಂದೇನಿದೆ ಇದರಲ್ಲಿ?” ಎಂದು ಮತ್ತೆ ಎಳೆದುಕೊಂಡರು. ಎರಡು ಸಲ ಒತ್ತಿ, ಫೋನಿನ ಕಡೆ ತಿರುಗಿದರು. ಮೂವತ್ತು ವರ್ಷ ಯಾರಲ್ಲೂ ಏನೂ ಕೇಳದ ಹೆಂಗಸು, ಬೈಸಿಕೊಳ್ಳಲು ಸಿದ್ಧವಾದ ಮಗುವಿನಂತೆ ಕೇಳಿದರು:

“ಹೀಗಾ?”

ಹಾಗಲ್ಲ. ಹೆಬ್ಬೆರಳಿನಿಂದ ಒತ್ತಬೇಕು, ಇವರು ಮುಷ್ಟಿಯಿಂದ ಒತ್ತುತ್ತಿದ್ದರು. ಹಿಮ್ಮಡಿಯಿಂದ ಶುರು ಮಾಡಬೇಕು. ಇವರು ಬೆರಳಿನಿಂದ ಶುರು ಮಾಡಿದ್ದರು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು… ಹೊಲಿಗೆಯಮ್ಮ ಅದನ್ನು ನುಂಗಿಕೊಂಡಳು.

“ಹಾಗೇ,” ಎಂದಳು.

ಮುಷ್ಟಿ ಮೆಲ್ಲಗೆ ಏರಿತು, ಇಳಿಯಿತು. ಚಿನ್ನಿಯ ಭುಜ ಸಡಿಲವಾಗುತ್ತ ಬಂದದ್ದು ಇಲ್ಲಿಗೂ ಕಾಣಿಸಿತು. ಹೊಲಿಗೆಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಪಕ್ಕದಲ್ಲಿ ಪೆಟ್ಟಿಗೆ ತೆರೆದೇ ಇತ್ತು.

“ಬರಲಾ, ಚಿನ್ನಿ?”

ಮಗಳು ತಾಯಿಯ ಮುಖ ನೋಡಿದಳು. ಆಮೇಲೆ ತನ್ನ ಪಾದದ ಮೇಲಿದ್ದ ಆ ಒರಟು ಕೈಗಳನ್ನು ನೋಡಿದಳು. ಕಣ್ಣು ಆಗಲೇ ಮುಚ್ಚಿಕೊಂಡು ಬರುತ್ತಿತ್ತು.

“ಅತ್ತೆ ಇದ್ದಾರಮ್ಮ…”

ಎಂಥ ಮಾತು! ಅದು ಎದೆಯನ್ನು ಸೀಳಿಕೊಂಡು ಒಳಗೆ ಹೋಯಿತು, ಹೋದಲ್ಲೆಲ್ಲ ತಂಪು ಮಾಡಿತು. ತನ್ನ ಮಗಳು ತಾನಿಲ್ಲದೆ ನೆಮ್ಮದಿಯಾಗಿರಲಿ ಎಂದೇ ಅಲ್ಲವೆ ಇಷ್ಟು ದಿನ ಮೊಣಕಾಲೂರಿ ಬೇಡಿದ್ದು? ದೇವರು ಕೊಟ್ಟಾಗ ಕೈ ಹಿಂದೆಳೆದುಕೊಳ್ಳುವುದು ಹೇಗೆ? ಚಿನ್ನಿಯ ತಲೆ ದಿಂಬಿನ ಮೇಲೆ ವಾಲಿತು. ಬಾಯಿ ಚೂರೇ ತೆರೆಯಿತು, ಚಿಕ್ಕಂದಿನ ಹಾಗೆಯೇ. ಬೀಗಿತಿ ಫೋನಿನತ್ತ ಬಗ್ಗಿ, “ಮಲಗಿದ್ಲು” ಎಂದು ಪಿಸುಗುಟ್ಟಿದರು. ಆದರೆ ಒತ್ತುವುದನ್ನು ನಿಲ್ಲಿಸಲಿಲ್ಲ, ಫೋನನ್ನೂ ಇಡಲಿಲ್ಲ. ಹೊಲಿಗೆಯಮ್ಮನೂ ಇಡಲಿಲ್ಲ.

ಡ್ರೈವರಪ್ಪ ಬಾಗಿಲು ತಳ್ಳಿ ಇಣುಕಿದರು. ಮಕ್ಕಳ ಊಟಕ್ಕೆ ಹೊತ್ತಾಯಿತು ಎಂದರು; ಹೆಂಡತಿ ತಿರುಗಲಿಲ್ಲ. ಅವರು ಒಂದು ಕೈಯಿಂದ ಚಿಲಕ ಹಿಡಿದುಕೊಂಡು, ಪೆಟ್ಟಿಗೆಯನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

“ಮುಖ್ಯಸ್ಥರು ಸಂಜೆಯೊಳಗೆ ಹೇಳಿ ಅಂದಿದ್ರು. ಏನ್ ಮಾಡೋಣ, ಹೊರಡೋಣ್ವಾ?”

ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡಳು.

“ಮೆಲ್ಲಗೆ. ಈಗಷ್ಟೇ ಮಲಗಿದ್ದಾಳೆ… ನಾವು ಹೋಗಿ ಎಬ್ಬಿಸೋದು ಬೇಡ.”

ಡ್ರೈವರಪ್ಪ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಬಂದು, ಅವಳ ಪಕ್ಕ ಕೂತರು.